ಕಡಲ ದಂಡೆ ಯಾರಪ್ಪನ ಆಸ್ತಿ?

(ಅಧ್ಯಯನ ಶಿಬಿರದಲ್ಲಿ ಆಡಿದ ಮಾತುಗಳ ಬರಹ ರೂಪ)



ಭೂಮಿಯ ಪ್ರಶ್ನೆ ಬಗ್ಗೆ ಮಾತಾಡಿ ಅಂತ ನಮಗೆ ಹೇಳಿದ್ದರು. ನಾವು ಮುಂಬಯಿಯ ಸಮುದ್ರ ದಂಡೆಯನ್ನು ಆರಿಸಿಕೊಂಡೆವು. ಕೆಲವು ಗೆಳೆಯರು ನಕ್ಕರು. "ನಮ್ಮೂರ ಗೋಮಾಳದಲ್ಲಿ ಎರಡೆಕರೆ ದಕ್ಕಿಲ್ಲ, ಹೆಣ ಹೂಳೋಕೆ ಜಾಗ ಇಲ್ಲ, ಇವರು ಮುಂಬಯಿಯಲ್ಲಿ ಸಮುದ್ರ ಕಾಣೋ ಮಹಡಿಗಳ ವಿಚಾರ ಹೇಳ್ತಾರಂತೆ" ಅಂದರು. ನಗಬೇಕಾದ್ದೇ. ಆದರೆ ನಕ್ಕು ಮುಗಿದ ಮೇಲೆ ಯೋಚನೆ ಮಾಡಿ. ಗೋಮಾಳ ನುಂಗಿದ ಬಾಯಿ ಯಾವುದು? ಕೆರೆಯಂಗಳ ನುಂಗಿದ ಬಾಯಿ ಯಾವುದು? ಅದೇ ಬಾಯಿಗೆ ಕಡಲ ದಂಡೆ ಸಿಕ್ಕರೆ ಬಿಡುತ್ತದೆಯೆ? ಇನ್ನು ಆ ಮಹಡಿಗಳ ತಳಪಾಯಕ್ಕೆ ಮಣ್ಣು ಹೊತ್ತವರು ಯಾರು? ಕಲ್ಬುರ್ಗಿ, ಯಾದಗಿರಿ, ರಾಯಚೂರು ಕಡೆಯಿಂದ ಗುಳೆ ಹೋದ ನಮ್ಮ ಅಣ್ಣತಮ್ಮಂದಿರು, ಅಕ್ಕತಂಗಿಯರು. ನಮ್ಮ ಬೆವರು ಬಿದ್ದ ಕಡೆ ನಮ್ಮ ಮಾತೂ ಇರಬೇಕು.

ಕನ್ನಡದಲ್ಲಿ ಅಂತಸ್ತು ಅನ್ನೋ ಪದಕ್ಕೆ ಎರಡು ಅರ್ಥ. ಮನೆಯ ಮಹಡಿಯೂ ಅಂತಸ್ತು, ಮನುಷ್ಯನ ಸ್ಥಾನಮಾನವೂ ಅಂತಸ್ತು. ಮೇಲು ಕೀಳು ಅನ್ನೋ ಮಾತೂ ಹಾಗೇ. ಇಲ್ಲೀತನಕ ಈ ಮೇಲು ಕೀಳನ್ನು ಶಾಸ್ತ್ರದಲ್ಲಿ ಬರೆದಿಟ್ಟಿದ್ದರು. ಈಗ ಸಿಮೆಂಟು ಕಬ್ಬಿಣದಲ್ಲಿ ಕಟ್ಟುತ್ತಿದ್ದಾರೆ. ಶಾಸ್ತ್ರವನ್ನು ಸುಡಬಹುದು. ಸಿಮೆಂಟನ್ನು ಏನು ಮಾಡೋಣ?

ಮುಂಬಯಿಯಲ್ಲಿ ವರ್ಲಿ ಅಂತ ಒಂದು ಜಾಗ. ಮೂರು ಬಗೆಯ ಜನ ಅಲ್ಲಿ ಅಕ್ಕಪಕ್ಕ ಇದ್ದಾರೆ. ಸಮುದ್ರದೊಳಕ್ಕೆ ಚಾಚಿಕೊಂಡ ತುದಿಯಲ್ಲಿ, ಹಳೆಯ ಕೋಟೆಯ ಮಗ್ಗುಲಲ್ಲಿ ಮೀನು ಹಿಡಿಯುವ ಕೋಲಿಗಳ ಕೇರಿ. ಅದಕ್ಕೆ ವರ್ಲಿ ಕೋಲಿವಾಡ ಅಂತಾರೆ. ಅಲ್ಲಿಂದ ಒಳಕ್ಕೆ ಬಂದರೆ ಬಿ.ಡಿ.ಡಿ. ಚಾಳುಗಳು. ಇವೆರಡರ ಸುತ್ತ, ಸಮುದ್ರಕ್ಕೆ ಮುಖ ಮಾಡಿಕೊಂಡು, ಕುತ್ತಿಗೆ ನೋಯುವಷ್ಟು ಎತ್ತರದ ಟವರುಗಳು. ಇವುಗಳಲ್ಲಿ ಕೆಲವು ನಿಂತಿರುವುದು ಹಿಂದೆ ಬಟ್ಟೆ ಗಿರಣಿಗಳಿದ್ದ ನೆಲದ ಮೇಲೆ. 1982ರ ದೊಡ್ಡ ಮುಷ್ಕರದ ಮೇಲೆ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಚಿಮಣಿ ಹೋಗಿ ಟವರು ಬಂತು. ಗಿರಣಿಯಲ್ಲಿ ದುಡಿದವರ ಮಕ್ಕಳು ಆ ಟವರಿನ ಗೇಟಿನಲ್ಲಿ ವಾಚ್‌ಮನ್ನುಗಳಾದರು.

ಮೊದಲು ಕೋಲಿಗಳ ಮಾತು. ಈ ಹೆಸರು ನಮಗೆ ಹೊಸದಲ್ಲ, ನಮ್ಮ ಕಲ್ಬುರ್ಗಿ ಕಡೆಯೂ ಕೋಲಿ ಸಮಾಜ ಅಂತ ಇದೆ. ಮುಂಬಯಿ ಏಳು ದ್ವೀಪಗಳಾಗಿದ್ದಾಗಿನಿಂದ, ಪೋರ್ಚುಗೀಸರು ಇಂಗ್ಲಿಷರು ಬರುವ ಮುಂಚಿನಿಂದ ಅಲ್ಲಿರುವವರು ಇವರು. ಇವರಿಗೆ ದಂಡೆ ಅಂದರೆ ಗಾಳಿ ಸೇವಿಸುವ ಜಾಗ ಅಲ್ಲ, ಕಣ. ಒಕ್ಕಲಿಗನಿಗೆ ಕಣ ಹೇಗೋ ಹಾಗೆ. ದೋಣಿ ಎಳೆದು ನಿಲ್ಲಿಸಬೇಕು, ಬಲೆ ಹರವಬೇಕು, ಹರಿದದ್ದನ್ನು ಹೆಣೆಯಬೇಕು, ಮೀನು ಒಣಹಾಕಬೇಕು. ಗಂಡಸರು ತಂದ ಮೀನನ್ನು ಪಾಲು ಮಾಡಿ, ಬುಟ್ಟಿಯಲ್ಲಿ ಹೊತ್ತು, ಮಾರಿ ಬರುವವರು ಹೆಂಗಸರು. ಇದೆಲ್ಲ ಬಯಲಲ್ಲಿ ಆಗುವ ಕೆಲಸ. ನೆಲಮಟ್ಟದ ಕೆಲಸ.

ನಕ್ಷೆ ಹಿಡಿದುಕೊಂಡು ಬರುವ ಅಧಿಕಾರಿಗೆ ಇದು ಕಾಣುವುದಿಲ್ಲ. ಬಲೆ ಹರವುವ ಜಾಗ ಅವನ ನಕ್ಷೆಯಲ್ಲಿ 'ಖಾಲಿ ಜಾಗ'. ಮೀನಿನ ವಾಸನೆ ಅವನ ವರದಿಯಲ್ಲಿ 'ಅನೈರ್ಮಲ್ಯ'. ಹತ್ತಿರ ಹತ್ತಿರ ಕಟ್ಟಿಕೊಂಡ ಮನೆಗಳು 'ಸ್ಲಂ'. ಈ ಸ್ಲಂ ಅನ್ನೋ ಒಂದು ಪದದಲ್ಲಿ ಎಷ್ಟು ಕೋಟಿ ಅಡಗಿದೆ ಅನ್ನೋದನ್ನ ಬಿಡಿಸಿ ಹೇಳಬೇಕು. ಸ್ವಲ್ಪ ಲೆಕ್ಕ ಬರುತ್ತದೆ, ತಾಳ್ಮೆಯಿಂದ ಕೇಳಿ. ಲೆಕ್ಕ ನಮಗೆ ಬರೋದಿಲ್ಲ ಅನ್ನೋ ಧೈರ್ಯದ ಮೇಲೇ ಅವರ ವ್ಯವಹಾರ ನಡೆಯೋದು.

ಸಾವಿರ ಚದರಡಿ ನೆಲ ಇದೆ ಅಂತಿಟ್ಟುಕೊಳ್ಳಿ. ಅದರ ಮೇಲೆ ಎಲ್ಲ ಮಹಡಿ ಸೇರಿ ಎಷ್ಟು ಚದರಡಿ ಕಟ್ಟಬಹುದು ಅಂತ ಸರ್ಕಾರ ಒಂದು ಸಂಖ್ಯೆ ಗೊತ್ತು ಮಾಡುತ್ತದೆ. ಮುಂಬಯಿಯಲ್ಲಿ ಅದಕ್ಕೆ ಎಫ್.ಎಸ್.ಐ. ಅಂತಾರೆ, ಬೆಂಗಳೂರಿನಲ್ಲಿ ಎಫ್.ಎ.ಆರ್. ಅಂತಾರೆ. ಸಂಖ್ಯೆ ಒಂದಾದರೆ ಸಾವಿರ ಚದರಡಿ, ನಾಲ್ಕಾದರೆ ನಾಲ್ಕು ಸಾವಿರ. ನೆಲ ಅಷ್ಟೇ ಇರುತ್ತದೆ, ಮೇಲಿನ ಗಾಳಿ ಮಾರಾಟವಾಗುತ್ತದೆ. ಮುಂಬಯಿಯ ದ್ವೀಪ ನಗರಕ್ಕೆ 1991ರ ನಿಯಮದಲ್ಲಿ ಈ ಸಂಖ್ಯೆ 1.33 ಇತ್ತು. ಆಮೇಲೆ 1995ರಲ್ಲಿ ಸ್ಲಂ ಪುನರ್ವಸತಿ ಪ್ರಾಧಿಕಾರ ಬಂತು. ಸ್ಲಂ ಅಂತ ಗುರುತಿಸಿದ ಜಾಗದಲ್ಲಿ ಬಿಲ್ಡರು ಅಲ್ಲಿನವರಿಗೆ ಪುಕ್ಕಟೆ ಮನೆ ಕಟ್ಟಿಕೊಡಬೇಕು. ಅದಕ್ಕೆ ಬದಲಾಗಿ ಅವನಿಗೆ ಹೆಚ್ಚಿನ ಎಫ್.ಎಸ್.ಐ.; ಆ ಹೆಚ್ಚಿನದನ್ನು ಅವನು ಪೇಟೆ ಬೆಲೆಗೆ ಮಾರಿಕೊಳ್ಳಬಹುದು. ಪುಕ್ಕಟೆ ಮನೆ ಎಷ್ಟು? ಮೊದಲು 225 ಚದರಡಿ, ಆಮೇಲೆ ಬೆಳೆದು ಬೆಳೆದು 300.

ಈಗ ಗುಟ್ಟು ತಿಳಿಯಿತಲ್ಲ? ಕೋಲಿವಾಡ ಕೋಲಿವಾಡವಾಗಿಯೇ ಇದ್ದರೆ ಟವರು ಏಳೋದಿಲ್ಲ. ಅದಕ್ಕೆ ಸ್ಲಂ ಅಂತ ಹೆಸರಿಟ್ಟರೆ ಏಳುತ್ತದೆ. ಹಾಗಾಗಿಯೇ ಮುಂಬಯಿಯ ಕೋಲಿವಾಡಗಳ ಜನ "ನಮ್ಮದು ಸ್ಲಂ ಅಲ್ಲ, ಊರು, ಮೊದಲು ನಮ್ಮ ಊರಿನ ಗಡಿ ಗುರುತು ಮಾಡಿ ಕೊಡಿ" ಅಂತ ಕೇಳುತ್ತಾ ಬಂದಿದ್ದಾರೆ. ಹೊರಗಿನವರಿಗೆ ಇದು ಬರೀ ಮಾನದ ಪ್ರಶ್ನೆ ಅನ್ನಿಸಬಹುದು. ಮಾನದ ಒಳಗೆ ನೆಲ ಇದೆ. ಇದು ನಮಗಿಂತ ಚೆನ್ನಾಗಿ ಇನ್ಯಾರಿಗೆ ಅರ್ಥವಾಗಬೇಕು? ನಮ್ಮ ಕೇರಿಗಳಿಗೆ ಹೆಸರಿಟ್ಟವರು ನಾವಲ್ಲ. ನಮ್ಮ ರಾಜ್ಯದಲ್ಲೂ 1973ರ ಕಾಯಿದೆ ಇದೆ, ಕೊಳಗೇರಿ ಮಂಡಳಿ ಇದೆ. ಕೊಳೆ ಅಂತ ಮೊದಲು ಹೆಸರಿಡು, ಆಮೇಲೆ ತೊಳೆಯುತ್ತೇನೆ ಅಂತ ಬಾ. ತೊಳೆದು ಮುಗಿಯುವ ಹೊತ್ತಿಗೆ ಜನವೇ ಇರೋದಿಲ್ಲ.

ಮುನ್ನೂರು ಚದರಡಿಯ ಮನೆಯಲ್ಲಿ ಬಲೆ ಎಲ್ಲಿ ಹರವೋದು? ಮೀನಿನ ಬುಟ್ಟಿ ಹೊತ್ತ ತಾಯಿ ಲಿಫ್ಟಿನೊಳಗೆ ಕಾಲಿಟ್ಟರೆ ಪಕ್ಕದವರು ಮೂಗು ಮುಚ್ಚುತ್ತಾರೋ ಇಲ್ಲವೋ? ಇಪ್ಪತ್ತನೇ ಮಹಡಿಗೆ ದೋಣಿ ಹತ್ತುತ್ತದೆಯೆ? ಮನೆ ಕೊಟ್ಟು ಕಸುಬು ಕಿತ್ತುಕೊಳ್ಳುವುದಕ್ಕೆ ಪುನರ್ವಸತಿ ಅಂತ ಹೆಸರು.

ಕಾನೂನು ಇಲ್ಲವೇ ಅಂತ ಕೇಳಬಹುದು. ಇದೆ. 1981ರಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಕರಾವಳಿ ರಾಜ್ಯಗಳ ಮುಖ್ಯಮಂತ್ರಿಗಳಿಗೆ ಕಾಗದ ಬರೆದು, ಉಬ್ಬರದ ಗೆರೆಯಿಂದ 500 ಮೀಟರು ದಂಡೆಯನ್ನು ಕಟ್ಟಡಗಳಿಂದ ಮುಕ್ತವಾಗಿಡಿ ಅಂದರು. ಅದರ ಬೆನ್ನಿಗೆ 1991ರ ಫೆಬ್ರವರಿಯಲ್ಲಿ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ, ಅಂದರೆ ಸಿ.ಆರ್.ಝಡ್. ಬಂತು. 2011ರಲ್ಲಿ ಅದನ್ನು ತಿದ್ದಿ ಬರೆದಾಗ ಮುಂಬಯಿಯ ಕೋಲಿವಾಡಗಳನ್ನು ಬೇರೆಯಾಗಿ ಗುರುತಿಸುವ ಮಾತೂ ಸೇರಿತು. 2019ರ ಜನವರಿಯಲ್ಲಿ ಮತ್ತೆ ಹೊಸದು ಬಂತು. ನಗರಗಳ ದಂಡೆಯ ಎಫ್.ಎಸ್.ಐ.ಯನ್ನು 1991ರ ಮಟ್ಟಕ್ಕೆ ಕಟ್ಟಿಹಾಕಿದ್ದ ಹಗ್ಗವನ್ನು ಅದು ಬಿಚ್ಚಿತು. ಜನ ಒತ್ತಾಗಿರುವ ಹಳ್ಳಿಗಾಡಿನ ದಂಡೆಗಳಲ್ಲಿ ಕಟ್ಟಬಾರದ ಪಟ್ಟಿ 200 ಮೀಟರಿನಿಂದ 50 ಮೀಟರಿಗೆ ಇಳಿಯಿತು. ಸಮುದ್ರ ಮುಂದಕ್ಕೆ ಬರುತ್ತಿರುವ ಕಾಲದಲ್ಲಿ ಕಾಯಿದೆ ಹಿಂದಕ್ಕೆ ಹೋಯಿತು.

ಇರುವ ಕಾನೂನಾದರೂ ಎಲ್ಲರಿಗೂ ಒಂದೇ ಕಣ್ಣಿನಿಂದ ನೋಡುತ್ತದೆಯೆ? ಮುಂಬಯಿಯ ಕೊಲಾಬಾದಲ್ಲಿ ಆದರ್ಶ ಸೊಸೈಟಿ ಅಂತ 31 ಅಂತಸ್ತು ಎದ್ದಿತು. ಕಾರ್ಗಿಲ್ ಯೋಧರ ಹೆಸರು ಹೇಳಿಕೊಂಡು ಎದ್ದಿತು. ಅದರಿಂದ 2010ರಲ್ಲಿ ಒಬ್ಬ ಮುಖ್ಯಮಂತ್ರಿ ಕುರ್ಚಿ ಬಿಟ್ಟರು. 2016ರಲ್ಲಿ ಹೈಕೋರ್ಟು ಕೆಡವಿ ಅಂದಿತು, ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ಕಟ್ಟಡ ನಿಂತೇ ಇದೆ. ಕೇರಳದ ಮರಡುವಿನಲ್ಲಿ ದಂಡೆಯ ಕಾಯಿದೆ ಮೀರಿದ ನಾಲ್ಕು ಅಪಾರ್ಟ್‌ಮೆಂಟುಗಳನ್ನು 2020ರ ಜನವರಿ 11 ಮತ್ತು 12ರಂದು ಸಿಡಿಮದ್ದು ಇಟ್ಟು ಉರುಳಿಸಿದರು. ಮನಸ್ಸು ಮಾಡಿದರೆ ಆಗುತ್ತದೆ ಅನ್ನೋದಕ್ಕೆ ಅದು ಸಾಕ್ಷಿ. ಆದರೆ ಅಲ್ಲಿ ಫ್ಲ್ಯಾಟಿನ ಒಡೆಯರಿಗೆ ತಲಾ 25 ಲಕ್ಷ ರೂಪಾಯಿ ತತ್ಕಾಲದ ಪರಿಹಾರ ಕೊಡಿ ಅಂತ ಸುಪ್ರೀಂ ಕೋರ್ಟು ಹೇಳಿತು. ಅವರಿಗೆ ಕೊಟ್ಟದ್ದಕ್ಕೆ ನಮ್ಮ ತಕರಾರಿಲ್ಲ. ಗುಡಿಸಲ ಮೇಲೆ ಜೆ.ಸಿ.ಬಿ. ಹತ್ತಿಸಿದಾಗ ಪಾತ್ರೆ ಎತ್ತಿಕೊಳ್ಳುವಷ್ಟು ಹೊತ್ತನ್ನಾದರೂ ಯಾವ ಕೋರ್ಟು ಕೊಡಿಸಿತು ಅಂತ ಕೇಳುತ್ತಿದ್ದೇವೆ, ಅಷ್ಟೆ.

ವರ್ಲಿಯ ಕೋಲಿಗಳು ಕೋರ್ಟನ್ನೇ ನಂಬಿ ಕೂರಲಿಲ್ಲ. 2018ರಲ್ಲಿ ಮುಂಬಯಿಯ ಪಶ್ಚಿಮ ದಂಡೆಗುಂಟ ಸಮುದ್ರ ತುಂಬಿಸಿ ಕರಾವಳಿ ರಸ್ತೆ ಮಾಡುವ ಕೆಲಸ ಶುರುವಾಯಿತು. ಕಾರಿದ್ದವರ ರಸ್ತೆ. ಆ ರಸ್ತೆ ಬಂದರೆ ದಂಡೆಯ ಟವರುಗಳಿಗೆ ಇನ್ನಷ್ಟು ಬೆಲೆ. ಮೀನುಗಾರರ ಸಹಕಾರ ಸಂಘಗಳು ಹೈಕೋರ್ಟಿಗೆ ಹೋದವು. 2019ರ ಜುಲೈ 16ರಂದು ಹೈಕೋರ್ಟು ಆ ಯೋಜನೆಗೆ ಸಿಕ್ಕಿದ್ದ ಸಿ.ಆರ್.ಝಡ್. ಅನುಮತಿಯನ್ನು ರದ್ದು ಮಾಡಿತು. ಅದೇ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟು, ರಸ್ತೆ ಕೆಲಸ ನಡೆಯಲಿ ಅಂದಿತು. ಕಾಗದದ ಮೇಲೆ ಕೋಲಿಗಳು ಸೋತಂತೆ ಆಯಿತು. ಆಗ ಅವರು ದೋಣಿಗಳನ್ನು ನೀರಿಗಿಳಿಸಿದರು. ಅವರ ಬೇಡಿಕೆ ಬಹಳ ಸಣ್ಣದು. ಅವರು ಸಮುದ್ರಕ್ಕೆ ಹೋಗಿ ಬರುವ ದಾರಿಯಲ್ಲಿ ಸೇತುವೆಯ ಕಂಬಗಳು ನಿಲ್ಲುತ್ತಿದ್ದವು. ಕಂಬದಿಂದ ಕಂಬಕ್ಕೆ 60 ಮೀಟರು. ಗಾಳಿ, ಸೆಳೆತ ಇರುವಾಗ ಇಷ್ಟು ಕಿಂಡಿಯಲ್ಲಿ ದೋಣಿ ನುಗ್ಗಿಸಿದರೆ ಕಂಬಕ್ಕೆ ಬಡಿದು ಸಾಯುತ್ತೇವೆ, 200 ಮೀಟರು ಬಿಡಿ ಅಂದರು. ಎಂಜಿನಿಯರುಗಳು 60 ಸಾಕು ಅಂದರು. ಸಮುದ್ರ ಓದಿದವರ ಮಾತಿಗೂ ಪುಸ್ತಕ ಓದಿದವರ ಮಾತಿಗೂ ಜಗಳ ನಡೆಯಿತು. ದೋಣಿ ಅಡ್ಡ ನಿಲ್ಲಿಸಿ ಕೆಲಸ ತಡೆದರು. ಕೊನೆಗೆ 2022ರ ಡಿಸೆಂಬರಿನಲ್ಲಿ ಸರ್ಕಾರ 120 ಮೀಟರಿಗೆ ಒಪ್ಪಿತು.

200 ಕೇಳಿ 120 ಪಡೆದರು. ಇದನ್ನು ಸೋಲು ಅನ್ನೋಣವೆ? ರಸ್ತೆ ನಿಲ್ಲಲಿಲ್ಲ, 2024ರ ಮಾರ್ಚಿನಲ್ಲಿ ಅದರ ಮೊದಲ ಭಾಗ ಶುರುವೂ ಆಯಿತು. ಆದರೆ ಕಾಂಕ್ರೀಟಿನ ನಕ್ಷೆಯನ್ನು ಬಡವರು ಅರವತ್ತು ಮೀಟರು ಹಿಗ್ಗಿಸಿದ್ದು ಸಣ್ಣ ಮಾತಲ್ಲ. ಆ ಕಿಂಡಿಯಲ್ಲಿ ಇವತ್ತೂ ದೋಣಿ ಹೋಗಿ ಬರುತ್ತದೆ.

ಇನ್ನು ಬಿ.ಡಿ.ಡಿ. ಚಾಳುಗಳು. ಇಲ್ಲಿ ನಮ್ಮ ಮಾತು ಸ್ವಲ್ಪ ತೊಡಕಾಗುತ್ತದೆ, ಆದರೂ ಹೇಳಲೇಬೇಕು. 1920ರ ದಶಕದಲ್ಲಿ ಬ್ರಿಟಿಷ್ ಸರ್ಕಾರದ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟು ಕೂಲಿಕಾರರಿಗೆ ಅಂತ ಕಟ್ಟಿದ್ದು ಇವು. ವರ್ಲಿಯೊಂದರಲ್ಲೇ 121 ಚಾಳು. ಒಂದು ಕುಟುಂಬಕ್ಕೆ 160 ಚದರಡಿಯ ಒಂದು ಕೋಣೆ, ಮಹಡಿಗೆ ಸೇರಿ ಪಾಯಿಖಾನೆ. ಗಿರಣಿಗೆ ದುಡಿಯಲು ಬಂದ ಮಹಾರ್ ಕುಟುಂಬಗಳು ಇಲ್ಲಿ ನೆಲೆ ನಿಂತವು. ಬಾಬಾಸಾಹೇಬರ ಮಾತು ಇಲ್ಲಿನ ಕೋಣೆ ಕೋಣೆಗೂ ಮುಟ್ಟಿತ್ತು. 1972ರಲ್ಲಿ ಹುಟ್ಟಿದ ದಲಿತ ಪ್ಯಾಂಥರ್ ಇಲ್ಲಿ ಬೆಳೆಯಿತು. 1974ರ ಜನವರಿಯಲ್ಲಿ ಇಲ್ಲಿ ಪ್ಯಾಂಥರ್ ಸಭೆಯ ಮೇಲೆ ಕಲ್ಲು ಬಿದ್ದವು, ಗಲಭೆ ಹಬ್ಬಿತು. ಅದನ್ನು ಖಂಡಿಸಿ ಹೊರಟ ಮೆರವಣಿಗೆಯ ಮೇಲೆ ಪರೇಲಿನಲ್ಲಿ ಕಟ್ಟಡದ ಮೇಲಿನಿಂದ ರುಬ್ಬುವ ಕಲ್ಲು ಎತ್ತಿ ಹಾಕಿದರು. ಭಾಗವತ್ ಜಾಧವ್ ಸತ್ತರು. ಮೇಲೆ ನಿಂತವನ ಕೈಗೆ ಕಲ್ಲು ಎಷ್ಟು ಸುಲಭ ಅನ್ನೋದು ಆ ದಿನ ನಮ್ಮವರಿಗೆ ಗೊತ್ತಾಯಿತು.

ಆ ಚಾಳುಗಳನ್ನು ಈಗ ಕೆಡವಿ ಕಟ್ಟುತ್ತಿದ್ದಾರೆ. 160 ಚದರಡಿಯವರಿಗೆ 500 ಚದರಡಿ, 40 ಅಂತಸ್ತಿನ ಕಟ್ಟಡಗಳಲ್ಲಿ, ಅದೇ ವರ್ಲಿಯಲ್ಲಿ. 2025ರ ಆಗಸ್ಟಿನಲ್ಲಿ ಮೊದಲ 556 ಕುಟುಂಬಗಳಿಗೆ ಕೀಲಿ ಕೊಟ್ಟರು. ಅದೇ ನೆಲದ ಇನ್ನೊಂದು ಪಾಲಿನಲ್ಲಿ ಮಾರಾಟದ ಟವರುಗಳು ಏಳುತ್ತವೆ, ಖರ್ಚೆಲ್ಲ ಅದರಿಂದ. ಮನೆಯೊಳಗೆ ಸ್ವಂತ ಪಾಯಿಖಾನೆ ಇಲ್ಲದೆ ಮೂರು ತಲೆಮಾರು ಸವೆಸಿದ ತಾಯಿಗೆ "ಎತ್ತರದ ಕಟ್ಟಡ ಬೇಡಮ್ಮ, ಪರಿಸರ ಹಾಳಾಗುತ್ತೆ" ಅಂತ ಹೇಳುವ ಬಾಯಿ ನಮಗಿಲ್ಲ. ಯಾರಿಗೂ ಇರಬಾರದು. ಆಕೆ ನಲವತ್ತನೇ ಮಹಡಿಯಲ್ಲಿ ನಿಂತು ಸಮುದ್ರ ನೋಡಲಿ. ಆ ಸಮುದ್ರ ಆಕೆಯದೂ ಹೌದು.

ಹಾಗಾದರೆ ಕೋಲಿಗಳು ಬೇಡ ಅಂದದ್ದು ಸರಿಯೋ, ಚಾಳಿನವರು ಬೇಕು ಅಂದದ್ದು ಸರಿಯೋ? ಎರಡೂ ಸರಿ. ಕಟ್ಟಡದ ಎತ್ತರವನ್ನು ಅಳೆಯುತ್ತಾ ಕೂತರೆ ನಮಗೆ ಉತ್ತರ ಸಿಗೋದಿಲ್ಲ. ಆ ನೆಲದಲ್ಲಿ ಬದುಕಿದವರನ್ನು ಕೇಳಿದರೋ ಇಲ್ಲವೋ, ಅವರು ಅಲ್ಲೇ ಉಳಿದರೋ ಇಲ್ಲವೋ, ಅವರ ಕಸುಬು ಉಳಿಯಿತೋ ಇಲ್ಲವೋ ಅನ್ನೋದನ್ನ ನೋಡಬೇಕು. ಚಾಳಿನ ಜನವೂ ಸುಮ್ಮನೆ ತಲೆಯಾಡಿಸಲಿಲ್ಲ. ಒಪ್ಪಂದವನ್ನು ಬರಹದಲ್ಲಿ ಕೊಡಿ, ಆಮೇಲೆ ಕೋಣೆ ಬಿಡುತ್ತೇವೆ ಅಂದರು. ಲಿಫ್ಟು, ನೀರು, ದೀಪದ ನಿರ್ವಹಣೆಯ ಖರ್ಚನ್ನು ನಾಳೆ ಯಾರು ಹೊರಬೇಕು ಅಂತ ಕೇಳಿದರು. ಈ ಪ್ರಶ್ನೆ ಇನ್ನೂ ಬಹಳ ವರ್ಷ ಜೀವಂತ ಇರುತ್ತದೆ. ಖರ್ಚು ಕೊಡಲಾಗದೆ ಮನೆ ಮಾರಿ ಹೊರಟರೆ, ಜೆ.ಸಿ.ಬಿ. ಮಾಡುವ ಕೆಲಸವನ್ನು ತಿಂಗಳ ಬಿಲ್ಲು ಮಾಡಿದ ಹಾಗಾಗುತ್ತದೆ.

ಈ ಹೋರಾಟದಲ್ಲಿ ಇನ್ನೊಂದು ಬಗೆಯ ವಿರೋಧಿಗಳೂ ಸಿಗುತ್ತಾರೆ. ಕರಾವಳಿ ರಸ್ತೆಯನ್ನು ಬ್ರೀಚ್ ಕ್ಯಾಂಡಿಯಂಥ ಸಿರಿವಂತ ಬಡಾವಣೆಯವರೂ ವಿರೋಧಿಸಿದರು. ಎಲ್ಲ ನಗರಗಳಲ್ಲೂ ಇಂಥವರಿದ್ದಾರೆ. ತಮ್ಮ ಕಿಟಕಿಯಿಂದ ಕಾಣುವ ಸಮುದ್ರಕ್ಕೆ ಅಡ್ಡ ಬಂದಾಗ ಮಾತ್ರ ಇವರಿಗೆ ಪರಿಸರ ನೆನಪಾಗುತ್ತದೆ. ಇವರ ಜೊತೆ ಕೈ ಜೋಡಿಸಬೇಕೆ? ದೂರದ ಒಂದು ಉದಾಹರಣೆ ಹೇಳಿದರೆ ಉತ್ತರಕ್ಕೆ ಅನುಕೂಲ ಆಗುತ್ತದೆ.

ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಹಂಟರ್ಸ್ ಹಿಲ್ ಅಂತ ನೀರಂಚಿನ ಉಪನಗರ. ಅನುಕೂಲಸ್ಥರ ಜಾಗ. ಅಲ್ಲಿ ಕೆಲ್ಲೀಸ್ ಬುಷ್ ಅನ್ನೋ ಕಾಡಿನ ತುಂಡನ್ನು ಕಡಿದು ಕಟ್ಟಡ ಎಬ್ಬಿಸಲು ಒಂದು ಕಂಪನಿ ಹೊರಟಿತು. ಹದಿಮೂರು ಮಂದಿ ಹೆಂಗಸರು ಕಂಡ ಕಂಡ ಬಾಗಿಲು ತಟ್ಟಿದರು. ಯಾವುದೂ ತೆರೆಯಲಿಲ್ಲ. ಕೊನೆಗೆ 1971ರಲ್ಲಿ ಅವರು ಹೋದದ್ದು ಕಟ್ಟಡ ಕೂಲಿಗಳ ಸಂಘದ ಬಳಿಗೆ. ಜ್ಯಾಕ್ ಮಂಡೆ ಆ ಸಂಘದ ಮುಂದಾಳುಗಳಲ್ಲಿ ಒಬ್ಬರು. ಸಂಘ ಒಂದು ಷರತ್ತು ಹಾಕಿತು: ಊರವರ ಬಹಿರಂಗ ಸಭೆ ಕರೆದು, ಸಭೆಯೇ ನಮ್ಮನ್ನು ಕೇಳಲಿ. ಸಭೆ ಸೇರಿತು, ಕೇಳಿತು. ಕೂಲಿಗಳು ಒಲ್ಲೆವು ಅಂದರು. ಅದೇ ಕಂಪನಿಯ ಇನ್ನೊಂದು ಕಟ್ಟಡದಲ್ಲಿ ದುಡಿಯುತ್ತಿದ್ದವರು, ಅಲ್ಲಿ ಒಂದು ಮರ ಮುಟ್ಟಿದರೂ ಇಲ್ಲಿನ ಅರೆಬರೆ ಕಟ್ಟಡ ಅರೆಬರೆಯಾಗೇ ಉಳಿಯುತ್ತದೆ ಅಂತ ತೀರ್ಮಾನ ಮಾಡಿದರು. ಇದಕ್ಕೆ ಗ್ರೀನ್ ಬ್ಯಾನ್ ಅಂತ ಹೆಸರಾಯಿತು. ಆ ಕಾಡು ಇವತ್ತೂ ಇದೆ, 1983ರಲ್ಲಿ ಸರ್ಕಾರವೇ ಕೊಂಡು ಸಾರ್ವಜನಿಕರಿಗೆ ಬಿಟ್ಟಿತು.

ಆದರೆ ಆ ಕೂಲಿಗಳು ಉಳ್ಳವರ ಕಾಡು ಉಳಿಸಿಕೊಟ್ಟು ಕೈ ತೊಳೆದುಕೊಳ್ಳಲಿಲ್ಲ. ಅದೇ ಅಸ್ತ್ರ ಹಿಡಿದು, ಬಂದರಿನ ಅಂಚಿನ ದಿ ರಾಕ್ಸ್ ಮತ್ತು ವುಲ್ಲೂಮೂಲೂ ಅನ್ನೋ ದುಡಿಯುವವರ ಕೇರಿಗಳನ್ನು ಗಗನಚುಂಬಿಗಳಿಂದ ಕಾಪಾಡಿದರು. ರೆಡ್‌ಫರ್ನ್‌ನಲ್ಲಿ ಮೂಲನಿವಾಸಿಗಳ ಮನೆಗಳ ಪರವಾಗಿ ನಿಂತರು. 1974-75ರ ಹೊತ್ತಿಗೆ ಅವರದೇ ಸಂಘದ ರಾಷ್ಟ್ರಮಟ್ಟದ ನಾಯಕತ್ವ ಈ ಶಾಖೆಯನ್ನು ವಶಕ್ಕೆ ತೆಗೆದುಕೊಂಡು ಮುಂದಾಳುಗಳನ್ನು ಹೊರಹಾಕಿತು. ಅಷ್ಟರಲ್ಲಿ ನಲವತ್ತಕ್ಕೂ ಹೆಚ್ಚು ಕಡೆ ಅವರು ಒಲ್ಲೆ ಅಂದಿದ್ದರು. ನಮಗೆ ಉತ್ತರ ಇಲ್ಲಿದೆ. ಉಳ್ಳವರು ಬಂದರೆ ಬರಲಿ, ಆದರೆ ಅವರು ನಮ್ಮ ಸಭೆಗೆ ಬರಬೇಕು. ಅವರ ಕಿಟಕಿ ಕಾಯುವ ಕಾವಲುಗಾರರಾಗಿ ನಾವು ಹೋಗೋದಿಲ್ಲ.

ಇದನ್ನು ಕೇಳಿ ನಮ್ಮ ನಾಕಾಗಳಲ್ಲಿ ಬೆಳಗಿನ ಜಾವ ಕೂಲಿಗೆ ಕಾದು ನಿಲ್ಲುವವರು ಏನಂದಾರು? "ಒಲ್ಲೆ ಅಂದರೆ ಸಂಜೆಗೆ ಗಂಜಿ ಯಾರು ಕೊಡ್ತಾರೆ?" ಅಂದಾರು. ಸರಿಯಾದ ಪ್ರಶ್ನೆ. ಒಬ್ಬ ಒಲ್ಲೆ ಅಂದರೆ ಹಸಿವು, ಸಾವಿರ ಜನ ಒಲ್ಲೆ ಅಂದರೆ ಚಳುವಳಿ. ಕಟ್ಟಡ ಕಾರ್ಮಿಕರ ಕಾಯಿದೆ 1996ರಲ್ಲೇ ಬಂದಿದೆ. ಕಟ್ಟಡದ ವೆಚ್ಚದಲ್ಲಿ ಕಾರ್ಮಿಕರ ಹೆಸರಿನಲ್ಲಿ ಸೆಸ್ ವಸೂಲಾಗುತ್ತದೆ. ಕಾರ್ಡು ಮಾಡಿಸಿಕೊಳ್ಳಲಾರದೆ ನಮ್ಮ ಎಷ್ಟೋ ಜನ ಇಟ್ಟಿಗೆ ಲೆಕ್ಕಕ್ಕೂ ಬರದೆ ಬದುಕುತ್ತಿದ್ದಾರೆ. ಸಂಘಟನೆ ಅಲ್ಲಿಂದ ಶುರುವಾಗಬೇಕು.

ನಮ್ಮ ರಾಜ್ಯವೇನೂ ಬೇರೆಯಲ್ಲ. ಬೆಂಗಳೂರಿನ ಈಜಿಪುರದಲ್ಲಿ ಬಡವರಿಗೆ ಅಂತಲೇ ಕಟ್ಟಿಸಿದ್ದ ಕ್ವಾರ್ಟರ್ಸ್ ಇತ್ತು. ದಲಿತರು, ಮುಸ್ಲಿಮರು, ಕ್ರೈಸ್ತರು ಅಲ್ಲಿದ್ದರು. 2013ರ ಜನವರಿಯ ಚಳಿಯಲ್ಲಿ ಸಾವಿರಕ್ಕೂ ಹೆಚ್ಚು ಕುಟುಂಬಗಳನ್ನು ಬೀದಿಗೆ ಹಾಕಿದರು. ಆ ನೆಲದ ಒಂದು ಪಾಲು ಮಾಲ್ ಕಟ್ಟುವ ಖಾಸಗಿಯವರಿಗೆ ಅಂತ ಒಪ್ಪಂದವಾಗಿತ್ತು. ಅಲ್ಲಿ ಸಮುದ್ರ ಇರಲಿಲ್ಲ. ಬಾಯಿ ಮಾತ್ರ ಅದೇ.

ಬಾಬಾಸಾಹೇಬರು 1927ರಲ್ಲಿ ಮಹಾಡಿನ ಕೆರೆಗೆ ಹೋದಾಗ ಆ ನೀರು ಕಾಗದದ ಮೇಲೆ ಆಗಲೇ ಸಾರ್ವಜನಿಕವಾಗಿತ್ತು. ಪುರಸಭೆ ಠರಾವು ಮಾಡಿತ್ತು. ಆದರೂ ಬೊಗಸೆ ನೀರಿಗೆ ಸಾವಿರಾರು ಜನ ನಡೆಯಬೇಕಾಯಿತು. ಸಾರ್ವಜನಿಕ ಅನ್ನೋ ಪದ ಕಾಗದದಿಂದ ಇಳಿದು ನೆಲಕ್ಕೆ ಬರಬೇಕಾದರೆ ಜನ ನಡೆಯಲೇಬೇಕು. ಕಡಲ ದಂಡೆಯೂ ಕಾಗದದ ಮೇಲೆ ಸಾರ್ವಜನಿಕವೇ.

ಆದ್ದರಿಂದ ನಾವು ಈ ಶಿಬಿರದ ಮುಂದೆ ಮೂರು ಒತ್ತಾಯ ಇಡುತ್ತೇವೆ. ಚರ್ಚೆಯಾಗಲಿ.

ಒಂದು, ಒಂದು ಕೇರಿಯನ್ನು ಸ್ಲಂ ಅಂತ ಕರೆಯುವ ಮೊದಲು ಆ ಕೇರಿಯವರ ಬಹಿರಂಗ ಸಭೆ ಒಪ್ಪಬೇಕು, ಅವರ ಭಾಷೆಯಲ್ಲಿ, ಅವರ ಕೇರಿಯಲ್ಲೇ.

ಎರಡು, ಮನೆ ಕೆಡವುವ ಮೊದಲು ಹೊಸ ಮನೆಯ ಒಪ್ಪಂದ, ಕಸುಬಿನ ಜಾಗ, ಮುಂದಿನ ನಿರ್ವಹಣೆಯ ಖರ್ಚು ಮೂರೂ ಬರಹದಲ್ಲಿ ಕೈಗೆ ಬರಬೇಕು.

ಮೂರು, ಕಟ್ಟುವ ಕೂಲಿಗಳ ಸಂಘಟನೆಯೂ ಕೇರಿ ಉಳಿಸುವ ಚಳುವಳಿಯೂ ಬೇರೆ ಬೇರೆ ನಡೆಯಬಾರದು. ಕೆಡವಿಸಿಕೊಳ್ಳುವವರೂ ನಾವೇ, ಕಟ್ಟುವವರೂ ನಾವೇ. ಈ ಎರಡು ಕೈ ಒಂದನ್ನೊಂದು ಹಿಡಿದುಕೊಂಡರೆ ಯಾವ ಟವರೂ ನಮ್ಮನ್ನು ಕೇಳದೆ ಏಳೋದಿಲ್ಲ.

ಜೈ ಭೀಮ್.